ಬೀಗ ಬಿದ್ದ ಬಡಾವಣೆಯ ಉದ್ಯಾನ: ತೆರೆಯುವ ದಾರಿಗಳಲ್ಲಿ ಯಾವುದನ್ನು ಹಿಡಿಯಬೇಕು?

ನಮ್ಮ ಬಡಾವಣೆಯ ಉದ್ಯಾನದ ಗೇಟಿನ ಸರಪಳಿಯಲ್ಲಿ ಬಹಳ ಕಾಲ ಎರಡು ಬೀಗಗಳಿದ್ದವು. ಒಂದು ಪಾಲಿಕೆಯ ನಿರ್ವಹಣಾ ಗುತ್ತಿಗೆದಾರನದು, ಇನ್ನೊಂದು ನಿವಾಸಿಗಳ ಸಂಘದ್ದು. ಬೀಗಕ್ಕೆ ಬೀಗ ಕೋದು ಹಾಕಿದ್ದರಿಂದ ಎರಡರಲ್ಲಿ ಯಾವುದನ್ನು ತೆಗೆದರೂ ಗೇಟು ತೆರೆದುಕೊಳ್ಳುತ್ತಿತ್ತು. ಆದರೆ ಬೆಳಗಿನ ವಾಯುವಿಹಾರ ಮುಗಿದು ಹತ್ತು ಗಂಟೆಯಾಯಿತೆಂದರೆ ಸಂಜೆಯವರೆಗೆ ಅವೆರಡನ್ನೂ ಮುಟ್ಟುವವರೇ ಇರಲಿಲ್ಲ. ಹನ್ನೊಂದರ ಸುಮಾರಿಗೆ ಬೀದಿ ಗುಡಿಸಿ ಮುಗಿಸಿದ ಪೌರಕಾರ್ಮಿಕ ಹೆಂಗಸರು ಹೊರಗೆ, ಚರಂಡಿಯ ಚಪ್ಪಡಿಯ ಮೇಲೆ, ಕಾಂಪೌಂಡಿಗೆ ಬೆನ್ನು ಕೊಟ್ಟು ಕುಳಿತು ಡಬ್ಬಿ ಬಿಚ್ಚುತ್ತಿದ್ದರು. ಒಳಗಿನ ಹೊಂಗೆ ಮರದ ಕೊಂಬೆಯೊಂದು ಗೋಡೆ ದಾಟಿ ಚಾಚಿಕೊಂಡಿದ್ದುದರಿಂದ ಅವರಿಗೆ ಅಷ್ಟು ನೆರಳಾದರೂ ಸಿಗುತ್ತಿತ್ತು. ಅದೇ ಮರದ ಬುಡದಲ್ಲಿ, ಗೋಡೆಯ ಒಳಬದಿಗೆ, ಎರಡು ಕಲ್ಲುಬೆಂಚುಗಳು ಖಾಲಿ ಬಿದ್ದಿರುತ್ತಿದ್ದವು.

ಇಂಥ ಉದ್ಯಾನವನ್ನು ಸಾರ್ವಜನಿಕರಿಗೆ ತೆರೆಯಬೇಕೆಂದು ಹೊರಟವರು ಸಾಮಾನ್ಯವಾಗಿ ‘ತೆರೆಯಬೇಕೋ ಬೇಡವೋ’ ಎಂಬ ಒಂದೇ ಪ್ರಶ್ನೆಯ ಸುತ್ತ ಜಗಳವಾಡುತ್ತಾರೆ. ಸಂಘದ ಸಭೆಗಳಲ್ಲಿ ಮೂರು ವರ್ಷ ಕುಳಿತ ನನ್ನ ಅನುಭವದಲ್ಲಿ ಆ ಪ್ರಶ್ನೆ ಬಗೆಹರಿದದ್ದನ್ನು ನಾನು ಕಾಣಲಿಲ್ಲ. ಬಗೆಹರಿಯುವ ಪ್ರಶ್ನೆಗಳು ಬೇರೆಯವು: ಬೀಗದ ಕೈ ಯಾರ ಬಳಿ ಇರಬೇಕು, ಬಾಗಿಲು ಎಷ್ಟು ಹೊತ್ತಿಗೆ ತೆರೆದು ಎಷ್ಟು ಹೊತ್ತಿಗೆ ಮುಚ್ಚಬೇಕು, ನಲ್ಲಿ ಮುರಿದರೆ ದುಡ್ಡು ಯಾರು ಕೊಡಬೇಕು. ಇರುವ ದಾರಿಗಳನ್ನು ಈ ಮೂರು ಪ್ರಶ್ನೆಗಳಿಂದಲೇ ತೂಗಿ ನೋಡಿದ್ದೇನೆ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ರಾಜ್ಯದ ಬೇರೆ ನಗರಗಳಲ್ಲಿ ಕಚೇರಿಗಳ ಹೆಸರು ಬದಲಾದೀತು, ಲೆಕ್ಕಾಚಾರ ಅಷ್ಟಾಗಿ ಬದಲಾಗದು.

ಮೊದಲು ನೆಲ ಯಾರದೆಂದು ತಿಳಿಯಬೇಕು

ಯಾವ ದಾರಿ ನಮಗೆ ತೆರೆದಿದೆ ಎಂಬುದು ನೆಲದ ಒಡೆತನದ ಮೇಲೆ ನಿಂತಿದೆ. ಆದ್ದರಿಂದ ಉಳಿದ ಮಾತೆಲ್ಲ ಆಮೇಲಿನದು. ಅಭಿವೃದ್ಧಿ ಪ್ರಾಧಿಕಾರವೇ ರಚಿಸಿ ಪಾಲಿಕೆಗೆ ಹಸ್ತಾಂತರಿಸಿದ ಬಡಾವಣೆಯಲ್ಲಿ ನಕ್ಷೆಯ ಮೇಲೆ ಹಸಿರು ಬಣ್ಣದಲ್ಲಿ ಉದ್ಯಾನವೆಂದು ಗುರುತಾದ ಜಾಗ ಸಾರ್ವಜನಿಕರದು. ಅಲ್ಲಿ ಹೂಗಿಡ ನೆಟ್ಟವರು ಯಾರು, ಬೆಂಚಿಗೆ ಹಣ ಕೊಟ್ಟವರು ಯಾರು ಎಂಬುದರಿಂದ ಆ ಸ್ಥಿತಿ ಬದಲಾಗುವುದಿಲ್ಲ. ಗೃಹ ನಿರ್ಮಾಣ ಸಹಕಾರ ಸಂಘಗಳೂ ಖಾಸಗಿಯವರೂ ಮಾಡಿದ ಬಡಾವಣೆಗಳಲ್ಲಿ ವಿಷಯ ತುಸು ಸಿಕ್ಕಾಗಿರುತ್ತದೆ. ಬೆಂಗಳೂರಿನ ಭೂಬಳಕೆಯನ್ನು ನಿರ್ಧರಿಸುವ ‘ಪರಿಷ್ಕೃತ ಮಹಾಯೋಜನೆ 2015’ರ ವಲಯ ನಿಯಮಗಳ ಪ್ರಕಾರ ಬಡಾವಣೆಯ ವಿಸ್ತೀರ್ಣದಲ್ಲಿ ಕನಿಷ್ಠ ಶೇ. 10ರಷ್ಟನ್ನು ಉದ್ಯಾನ ಮತ್ತು ಬಯಲಿಗೂ ಶೇ. 5ರಷ್ಟನ್ನು ನಾಗರಿಕ ಸೌಲಭ್ಯಕ್ಕೂ ಬಿಡಬೇಕು, ಆ ಜಾಗವನ್ನು ಪರಿತ್ಯಾಜನಾ ಪತ್ರದ (ಒಡೆತನ ಬಿಟ್ಟುಕೊಡುವ ಪತ್ರದ) ಮೂಲಕ ಪ್ರಾಧಿಕಾರಕ್ಕೆ ಒಪ್ಪಿಸಬೇಕು. ಪತ್ರ ನೋಂದಣಿಯಾಗಿದ್ದರೂ ಗೇಟು, ಕಾವಲುಗಾರ, ಬೀಗ ಎಲ್ಲವೂ ಮೊದಲಿನವರ ಕೈಯಲ್ಲೇ ಉಳಿದಿರುವ ಬಡಾವಣೆಗಳು ಅನೇಕ, ಮತ್ತು ಅಲ್ಲಿನ ನಿವಾಸಿಗಳು ಅದನ್ನು ತಮ್ಮ ಸ್ವಂತದ್ದೆಂದೇ ಪ್ರಾಮಾಣಿಕವಾಗಿ ನಂಬಿರುತ್ತಾರೆ. ಇನ್ನು ಅಪಾರ್ಟ್‌ಮೆಂಟಿನ ಒಳಗಿನ ತೋಟ ಮನೆ ಮಾಲೀಕರ ಅವಿಭಜಿತ ಪಾಲಿನ ನೆಲವಾಗಿದ್ದರೆ ಅದನ್ನು ತೆರೆಯಿರೆಂದು ಕೇಳಿಕೊಳ್ಳಬಹುದೇ ಹೊರತು ಹಕ್ಕಿನಿಂದ ಒತ್ತಾಯಿಸಲಾಗದು.

ನೆಲ ಸಾರ್ವಜನಿಕರದೆಂದು ಖಚಿತವಾದರೆ ಕಾನೂನಿನ ಬಲ ಚೆನ್ನಾಗಿಯೇ ಇದೆ. 1985ರ ಕರ್ನಾಟಕ ಉದ್ಯಾನಗಳು, ಆಟದ ಬಯಲುಗಳು ಮತ್ತು ತೆರೆದ ಜಾಗಗಳ ಕಾಯ್ದೆ ಇಂಥ ಸ್ಥಳಗಳ ಪಟ್ಟಿ ಮಾಡಿ ಕಾಪಾಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಹೊರಿಸುತ್ತದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯ್ದೆಯ 38-ಎ ಕಲಂ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಅನ್ಯ ಉದ್ದೇಶಕ್ಕೆ ಮಾರುವುದನ್ನು ತಡೆಯುತ್ತದೆ. ಸದಾಶಿವನಗರವೆಂದು ನಾವು ಕರೆಯುವ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಟ್ಟಾಗ ನಿವಾಸಿಗಳು ಹೂಡಿದ ವ್ಯಾಜ್ಯ ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದು ಪ್ರಸಿದ್ಧವಾಗಿದೆ; 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆಯನ್ನು ತಳ್ಳಿಹಾಕಿದ್ದಲ್ಲದೆ, ಪ್ರಶ್ನಿಸುವ ಹಕ್ಕು ಆ ಬಡಾವಣೆಯ ನಿವಾಸಿಗಳಿಗಿದೆ ಎಂದೂ ಎತ್ತಿಹಿಡಿಯಿತು. ಅಲ್ಲಿನ ವಿವಾದ ನೆಲದ ಬಳಕೆಯನ್ನೇ ಬದಲಿಸಿದ್ದರ ಬಗ್ಗೆ, ನಮ್ಮದು ಬೀಗದ ಬಗ್ಗೆ ಎಂಬ ವ್ಯತ್ಯಾಸವನ್ನು ಮರೆಯಬಾರದು. ಆದರೂ ‘ಇದು ನಮ್ಮ ಬಡಾವಣೆಯ ಆಸ್ತಿ’ ಎಂದು ಸಭೆಯಲ್ಲಿ ಗುಡುಗುವವರಿಗೆ ಆ ತೀರ್ಪಿನ ಪ್ರತಿಯನ್ನು ಓದಲು ಕೊಟ್ಟರೆ ಧ್ವನಿ ಸ್ವಲ್ಪ ತಗ್ಗುತ್ತದೆ.

ದಾಖಲೆ ಪಡೆಯಲು ಮಾಹಿತಿ ಹಕ್ಕಿನ ಅರ್ಜಿ ಸಾಕು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಗಡುವು. ಕರ್ನಾಟಕದ ನಿಯಮಗಳಲ್ಲಿ ಒಂದು ಅರ್ಜಿಯಲ್ಲಿ ಒಂದೇ ವಿಷಯ ಕೇಳಬೇಕು, ಅದೂ 150 ಪದಗಳೊಳಗೆ, ಎಂಬ ಕಟ್ಟಳೆಯಿದೆ. ಉದ್ಯಾನದ ಚರಿತ್ರೆಯನ್ನೆಲ್ಲ ತುಂಬಿ ಬರೆದ ಅರ್ಜಿ ಹಿಂದಿರುಗಿ ಬರುವುದು ಇದೇ ಕಾರಣಕ್ಕೆ. ಅನುಮೋದಿತ ಬಡಾವಣೆ ನಕ್ಷೆಯ ಪ್ರತಿ ಮತ್ತು ಪರಿತ್ಯಾಜನಾ ಪತ್ರದ ಪ್ರತಿಗೆ ಪ್ರಾಧಿಕಾರದಲ್ಲಿ ಒಂದು ಅರ್ಜಿ, ನಿರ್ವಹಣಾ ಗುತ್ತಿಗೆಯ ಆದೇಶಕ್ಕೆ ಪಾಲಿಕೆಯಲ್ಲಿ ಇನ್ನೊಂದು ಅರ್ಜಿ ಹಾಕುವುದು ಸರಿಯಾದ ಕ್ರಮ. ಬೆಂಗಳೂರಿನಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಮ್ಮ ವಾರ್ಡು ಯಾವ ಪಾಲಿಕೆಗೆ ಸೇರಿದೆ ಎಂದು ನೋಡಿಕೊಂಡು ಅರ್ಜಿಯ ಮೇಲೆ ವಿಳಾಸ ಬರೆಯಬೇಕು.

ಪಾಲಿಕೆಯೇ ದಿನವಿಡೀ ತೆರೆದಿಡುವುದು

ಇದು ನೇರವಾದ ದಾರಿ. ಬೆಂಗಳೂರಿನ ಪಾಲಿಕೆ ಉದ್ಯಾನಗಳು ಮೊದಲು ಬೆಳಿಗ್ಗೆ 5ರಿಂದ 10ರವರೆಗೆ, ಮತ್ತೆ ಮಧ್ಯಾಹ್ನ 1.30ರಿಂದ ರಾತ್ರಿ 8ರವರೆಗೆ ತೆರೆದಿರುತ್ತಿದ್ದವು. 2024ರಲ್ಲಿ ಆ ವೇಳೆಯನ್ನು ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಎಡೆಬಿಡದೆ ವಿಸ್ತರಿಸಲಾಯಿತು. ಅಂದರೆ ಹೊಸ ನಿಯಮವೇನೂ ಬೇಕಿಲ್ಲ, ಇರುವುದನ್ನು ಜಾರಿಗೆ ತರಿಸಿದರಾಯಿತು ಎಂದು ಅನ್ನಿಸುತ್ತದೆ. ತೊಡಕಿರುವುದು ಲೆಕ್ಕದಲ್ಲಿ. ಐದರಿಂದ ಹತ್ತರವರೆಗೆ ಎಂದರೆ ಹದಿನೇಳು ಗಂಟೆ. ಎಂಟು ಗಂಟೆಯ ಪಾಳಿಯ ಒಬ್ಬ ಕಾವಲುಗಾರನಿಂದ ಇದು ಆಗದು, ಇಬ್ಬರಿದ್ದರೂ ಒಂದು ಗಂಟೆ ಉಳಿಯುತ್ತದೆ, ವಾರದ ರಜೆ ಸೇರಿಸಿದರೆ ಮೂವರು ಬೇಕು. ಅರ್ಧ ಎಕರೆಯ ಬಡಾವಣೆ ಉದ್ಯಾನಕ್ಕೆ ಮೂವರನ್ನು ಇಡುವ ಗುತ್ತಿಗೆಯನ್ನು ನಾನು ನೋಡಿಲ್ಲ. ಇರುವ ಒಬ್ಬನೇ ಮಾಲಿಯೂ ಕಾವಲುಗಾರನೂ ಆಗಿ, ಇನ್ನೆರಡು ಉದ್ಯಾನಗಳ ಬೀಗದ ಕೈಗಳನ್ನೂ ಸೊಂಟದಲ್ಲಿ ಸಿಕ್ಕಿಸಿಕೊಂಡು ಸೈಕಲ್ಲಿನಲ್ಲಿ ಓಡಾಡುತ್ತಿರುತ್ತಾನೆ. ಅವನಿಗೆ ಬೀಗ ಹಾಕುವುದೆಂದರೆ ಕೆಲಸದ ಒಂದು ಭಾಗ ಮುಗಿಯಿತೆಂದು ಲೆಕ್ಕ, ಅದನ್ನು ದುರುದ್ದೇಶವೆಂದು ಕಾಣುವುದು ಅನ್ಯಾಯ.

ಈ ದಾರಿಯ ದೊಡ್ಡ ಗುಣವೆಂದರೆ ಒಳಗೆ ಬಂದವರನ್ನು ‘ಯಾವ ಕ್ರಾಸಿನವರು ನೀವು’ ಎಂದು ಕೇಳುವವರಿರುವುದಿಲ್ಲ. ದೋಷವೆಂದರೆ ಗುತ್ತಿಗೆ ಮುಗಿದು ಹೊಸ ಟೆಂಡರು ಆಗುವವರೆಗಿನ ಅವಧಿ. ಬೇಸಿಗೆಯಲ್ಲಿ ಅದು ಎರಡು ತಿಂಗಳಾದರೂ ಹುಲ್ಲು ಪೂರ್ತಿ ಒಣಗಿ, ಮತ್ತೆ ಹಾಸಲು ಹೊಸ ಅಂದಾಜುಪಟ್ಟಿ ಬೇಕಾಗುತ್ತದೆ. ದೊಡ್ಡ, ಊರಿಗೆಲ್ಲ ಸೇರಿದ ಜಾಗಗಳಿಗೆ ಇದೇ ದಾರಿ ಸರಿ. ಜೈಲು ಪರಪ್ಪನ ಅಗ್ರಹಾರಕ್ಕೆ ಸಾಗಿದ ಮೇಲೆ ಹಳೆಯ ಸೆಂಟ್ರಲ್ ಜೈಲಿನ ಆವರಣ 2008ರಲ್ಲಿ ಫ್ರೀಡಂ ಪಾರ್ಕಾಗಿ ತೆರೆದದ್ದು ಹೀಗೆಯೇ. ಡಬ್ಲಿನ್ನಿನ ಸೇಂಟ್ ಸ್ಟೀಫನ್ಸ್ ಗ್ರೀನ್ ಸುತ್ತಲಿನ ಮನೆಯವರಿಗಷ್ಟೇ ಮೀಸಲಾಗಿದ್ದುದು 1880ರಲ್ಲಿ ಎಲ್ಲರಿಗೂ ತೆರೆದದ್ದೂ ಕಾನೂನಿನ ಮೂಲಕ ಒಡೆತನವನ್ನೇ ಬದಲಿಸಿ.

ಸಂಘ ನೋಡಿಕೊಳ್ಳುವುದು, ಆದರೆ ಬರಹದ ಕಟ್ಟಿನೊಳಗೆ

ಬಡಾವಣೆಯ ಮಟ್ಟದ ಸಣ್ಣ ಉದ್ಯಾನಕ್ಕೆ ನಾನು ಒಲವು ತೋರುವುದು ಈ ದಾರಿಗೆ. ನೆಲ ಪಾಲಿಕೆಯದ್ದೇ, ಒಡಂಬಡಿಕೆಯ ಮೇಲೆ ದಿನನಿತ್ಯದ ನಿರ್ವಹಣೆ ನಿವಾಸಿಗಳ ಸಂಘದ್ದು. ಮಾಲಿಯ ಸಂಬಳವನ್ನು ಪಾಲಿಕೆ ಕೊಟ್ಟು ಕಾವಲನ್ನು ಸಂಘ ನೋಡಿಕೊಳ್ಳಬಹುದು. ಕೊಳವೆಬಾವಿಯ ಕರೆಂಟು ಬಿಲ್ಲು ಪಾಲಿಕೆಗೆ, ಪಂಪಿನ ಚಿಲ್ಲರೆ ರಿಪೇರಿ ಸಂಘಕ್ಕೆ ಎಂದು ಹಂಚಿಕೊಳ್ಳಬಹುದು. ಹತ್ತಿರದಲ್ಲಿರುವವರಿಗೆ ಗಿಡ ಬಾಡಿದ್ದು ಬೇಗ ಕಾಣುತ್ತದೆ, ಮುರಿದ ಜೋಕಾಲಿಗೆ ಅಂದೇ ಹಗ್ಗ ಕಟ್ಟಿ ನಿಲ್ಲಿಸುವವರೂ ಸಿಗುತ್ತಾರೆ.

ಆದರೆ ಇದೇ ದಾರಿ ಕೆಟ್ಟರೆ ಎಲ್ಲಕ್ಕಿಂತ ಹೆಚ್ಚು ಕೆಡುತ್ತದೆ, ಏಕೆಂದರೆ ನೋಡಿಕೊಳ್ಳುವವರು ನಿಧಾನವಾಗಿ ಒಡೆಯರಾಗುತ್ತಾರೆ. ಮುಂಬೈಯಲ್ಲಿ ಕೇರ್‌ಟೇಕರ್ ನೀತಿಯಡಿ ಸಂಸ್ಥೆಗಳ ಕೈಗೆ ಕೊಟ್ಟ ಕೆಲವು ಬಯಲುಗಳಲ್ಲಿ ಸದಸ್ಯತ್ವದ ಕ್ಲಬ್ಬುಗಳೆದ್ದು, ವರ್ಷಗಟ್ಟಲೆ ಅದರ ವಿರುದ್ಧ ಅಲ್ಲಿನ ನಾಗರಿಕರು ಹೋರಾಡಬೇಕಾಯಿತು. ನಮ್ಮ ಬಡಾವಣೆಗಳಲ್ಲಿ ಕ್ಲಬ್ಬು ಏಳುವುದಿಲ್ಲ. ಮೊದಲು ಒಂದು ಸಣ್ಣ ಕೊಠಡಿ, ಅದರೊಳಗೆ ಸಂಘದ ಕುರ್ಚಿಗಳು, ಆಮೇಲೆ ಗಣೇಶೋತ್ಸವದ ಸಾಮಾನು, ಕೊನೆಗೆ ಆ ಸಾಮಾನು ಕಾಯಲೆಂದು ಇಡೀ ಉದ್ಯಾನಕ್ಕೆ ಬೀಗ. ಆದ್ದರಿಂದ ಒಡಂಬಡಿಕೆಯ ಕಾಗದ ಹೇಗಿರಬೇಕೆಂಬುದರ ಮೇಲೆ ಹೊತ್ತು ಕಳೆಯುವುದು ಉಚಿತ. ತೆರೆಯುವ ಮತ್ತು ಮುಚ್ಚುವ ಗಂಟೆಗಳನ್ನು ಅಂಕಿಯಲ್ಲಿ ಬರೆಯಬೇಕು. ‘ಸೂಕ್ತ ವೇಳೆಯಲ್ಲಿ’ ಎಂಬ ಪದ ಕಂಡರೆ ಅದನ್ನು ಹೊಡೆದುಹಾಕಿಸಬೇಕು. ಪ್ರವೇಶಕ್ಕೆ ವಿಳಾಸವನ್ನಾಗಲಿ ಗುರುತಿನ ಚೀಟಿಯನ್ನಾಗಲಿ ಕೇಳಬಾರದೆಂದು ಸ್ಪಷ್ಟವಾಗಿರಬೇಕು. ಅವಧಿ ಒಂದು ವರ್ಷಕ್ಕಿಂತ ಹೆಚ್ಚಿರಬಾರದು, ನವೀಕರಣ ತಾನಾಗಿಯೇ ಆಗಬಾರದು. ಹೊಸ ಕಟ್ಟಡ ಕಟ್ಟುವಂತಿಲ್ಲ, ಕಾರ್ಯಕ್ರಮಕ್ಕೆ ಬಾಡಿಗೆಗೆ ಕೊಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಬೀಗದ ಇನ್ನೊಂದು ಕೈ ಸಂಘದ ಹೊರಗಿನ ಒಬ್ಬರ ಬಳಿ ಇರಬೇಕು. ಮುಂಜಾನೆ ನಾಲ್ಕೂವರೆಗೇ ಬಾಗಿಲು ತೆಗೆಯುವ ಹಾಲಿನ ಬೂತಿನವರಿಗಿಂತ ಒಳ್ಳೆಯ ಪಾಲಕರು ಇದಕ್ಕೆ ಸಿಗಲಾರರು. ನಮ್ಮಲ್ಲಿ ಕೊನೆಗೆ ಆದದ್ದೂ ಅದೇ.

ಗೊತ್ತಾದ ದಿನ ಮತ್ತು ಗಂಟೆಗಳಲ್ಲಿ ಮಾತ್ರ

ಅಪಾರ್ಟ್‌ಮೆಂಟ್ ಸಮುಚ್ಚಯದ ತೋಟ, ಶಾಲೆಯ ಮೈದಾನ, ಸಂಸ್ಥೆಯೊಂದರ ಆವರಣ ಇಂಥ ಖಾಸಗಿ ನೆಲಕ್ಕೆ ಹೊಂದುವ ದಾರಿ ಇದು. ಲಂಡನ್ನಿನಲ್ಲಿ ಮನೆಗಳ ನಡುವಿನ ಚೌಕ ತೋಟಗಳು ಇಂದಿಗೂ ಎಷ್ಟೋ ಕಡೆ ಸುತ್ತಲಿನವರ ಬೀಗದ ಕೈಯಲ್ಲೇ ಇವೆ. 1998ರಿಂದ ವರ್ಷಕ್ಕೊಂದು ವಾರಾಂತ್ಯ ಅಂಥ ತೋಟಗಳನ್ನು ಊರವರಿಗೆ ತೆರೆದು ತೋರಿಸುವ ಪದ್ಧತಿ ಅಲ್ಲಿ ನಡೆದುಬಂದಿದೆ. ವರ್ಷಕ್ಕೆ ಎರಡು ದಿನ ತೋಟ ನೋಡಿದರೆ ನೆರೆಹೊರೆಯವರಿಗೆ ಅದೇನೂ ಉದ್ಯಾನವಾಗುವುದಿಲ್ಲ, ಆದರೆ ಗೋಡೆಯಾಚೆಯ ಜನರ ಬಗ್ಗೆ ಇರುವ ಭಯ ಇಳಿಯಲು ಅದು ಸಾಕಾಗಬಹುದು. ಶಾಲೆಯ ಮೈದಾನದ ವಿಷಯದಲ್ಲಿ ಇನ್ನೂ ಹೆಚ್ಚು ಕೇಳಬಹುದು: ಶಾಲೆ ಬಿಟ್ಟ ಮೇಲೆ ಸಂಜೆ ಐದರಿಂದ ಏಳರವರೆಗೆ, ರಜೆಯ ದಿನಗಳಲ್ಲಿ ಬೆಳಿಗ್ಗೆ. ಬೀಗದ ಕೈಯೂ ಖರ್ಚೂ ಮಾಲೀಕರಲ್ಲೇ ಉಳಿಯುವುದರಿಂದ ಅವರು ಬೇಗ ಒಪ್ಪುತ್ತಾರೆ, ಅಷ್ಟೇ ಬೇಗ ಹಿಂತೆಗೆದುಕೊಳ್ಳಲೂ ಬಹುದು.

ಪಾಲಿಕೆಯ ಉದ್ಯಾನಕ್ಕೆ ಇದನ್ನೇ ರಾಜಿಸೂತ್ರವಾಗಿ ಸೂಚಿಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಹಕ್ಕಾಗಿ ಬರಬೇಕಾದದ್ದನ್ನು ಉಪಕಾರವೆಂಬಂತೆ ಪಡೆದ ಹಾಗಾಗುತ್ತದೆ.

ಕೀಲಿಕೈ ಹಂಚುವುದು, ಟಿಕೆಟ್ ಇಡುವುದು, ಬೇಲಿ ಕೀಳುವುದು

1831ರಲ್ಲಿ ರೂಪುಗೊಂಡ ನ್ಯೂಯಾರ್ಕಿನ ಗ್ರಾಮರ್ಸಿ ಪಾರ್ಕ್ ಸುತ್ತಲಿನ ಕಟ್ಟಡಗಳವರಿಗೆ ಮಾತ್ರ ಕೀಲಿಕೈ ಕೊಡುವ ಖಾಸಗಿ ಉದ್ಯಾನ. ಸುಮಾರು ಎರಡು ಎಕರೆಯ ಅದರ ಕಬ್ಬಿಣದ ಬೇಲಿಯ ಹೊರಗೆ ನಿಂತು ಜನ ಹೂವು ನೋಡಿ ಹೋಗುತ್ತಾರೆ. ನಮ್ಮಲ್ಲಿ ಇದರ ಕಿರಿಯ ರೂಪವೆಂದರೆ ಸಂಘದ ಸದಸ್ಯರಿಗೆ ಕಾರ್ಡು ಕೊಡುವ ಪದ್ಧತಿ. ಖಾಸಗಿ ನೆಲದಲ್ಲಿ ಅದು ಅವರವರ ಇಷ್ಟ, ಪಾಲಿಕೆಯ ನೆಲದಲ್ಲಿ ಇದನ್ನು ಪರಿಗಣಿಸಲೇಬೇಕಾಗಿಲ್ಲ. ಟಿಕೆಟ್ಟಿನ ಮಾತೂ ಹಾಗೆಯೇ: ಲಾಲ್‌ಬಾಗ್ 240 ಎಕರೆಯ ಸಸ್ಯತೋಟ, ಅಲ್ಲಿಯೂ ಬೆಳಗಿನ ವಾಯುವಿಹಾರದ ಹೊತ್ತಿಗೆ ಟಿಕೆಟ್ಟಿಲ್ಲ, ಅರ್ಧ ಎಕರೆಯಲ್ಲಿ ಟಿಕೆಟ್ ಹರಿಯುವವನ ಸಂಬಳ ಕೂಡ ಹುಟ್ಟುವುದಿಲ್ಲ.

ಬೇಲಿಯನ್ನೇ ತೆಗೆದುಬಿಡೋಣ ಎನ್ನುವ ಉತ್ಸಾಹಿಗಳು ಪ್ರತಿ ಸಭೆಯಲ್ಲೂ ಒಬ್ಬರಿರುತ್ತಾರೆ, ಒಮ್ಮೆ ಆ ಒಬ್ಬ ನಾನೇ ಆಗಿದ್ದೆ. ಎರಡನೆಯ ಮಹಾಯುದ್ಧದಲ್ಲಿ ಗುಜರಿಗೆಂದು ಲಂಡನ್ನಿನ ಚೌಕಗಳ ಕಬ್ಬಿಣದ ಕಂಬಿಗಳನ್ನು ಕಿತ್ತಾಗ ಎಷ್ಟೋ ತೋಟಗಳು ರಾತ್ರಿ ಬೆಳಗಾಗುವುದರೊಳಗೆ ತೆರೆದುಕೊಂಡವಂತೆ, ಯುದ್ಧ ಮುಗಿದ ಮೇಲೆ ಅನೇಕವಕ್ಕೆ ಮತ್ತೆ ಬೇಲಿ ಬಂತು. ನಮ್ಮ ಬೀದಿಗಳಲ್ಲಿ ಬೇಲಿ ಹೋದ ವಾರದಲ್ಲೇ ಹುಲ್ಲಿನ ಮೇಲೆ ಸ್ಕೂಟರುಗಳು ನಿಲ್ಲುತ್ತವೆ, ತಿಂಗಳೊಳಗೆ ಹಸುಗಳು ಬರುತ್ತವೆ, ಮೂಲೆಯಲ್ಲಿ ಕಟ್ಟಡದ ಅವಶೇಷ ಬೀಳುತ್ತದೆ. ಆಳೆತ್ತರದ ಗೋಡೆಯನ್ನು ಎರಡೂವರೆ ಅಡಿಗೆ ಇಳಿಸಿ ಮೇಲೆ ಕಂಬಿ ಹಾಕಿಸುವುದು ಇವೆರಡರ ನಡುವಿನ ಸರಿಯಾದ ತೀರ್ಮಾನ: ಒಳಗಿನದು ಹೊರಗೆ ಕಾಣುತ್ತದೆ, ಹೊರಗಿನದು ಒಳಗೆ.

ಕೋರ್ಟಿಗೆ ಹೋಗುವುದು ದಾರಿಯಲ್ಲ, ದಾರಿಗಳೆಲ್ಲ ಮುಚ್ಚಿದಾಗಿನ ಮೆಟ್ಟಿಲು. ಉದ್ಯಾನದಲ್ಲಿ ಕಟ್ಟಡ ಎದ್ದರೆ, ಜಾಗವನ್ನೇ ಬೇರೆಯವರಿಗೆ ಕೊಟ್ಟರೆ ಅಲ್ಲಿಗೆ ಹೋಗಲೇಬೇಕು. ಮಧ್ಯಾಹ್ನದ ಬೀಗವೊಂದಕ್ಕಾಗಿ ರಿಟ್ ಅರ್ಜಿ ಹಾಕಿದರೆ ಗೆದ್ದ ಮೇಲೂ ಬೀಗ ತೆಗೆಯುವವನು ಅದೇ ಮಾಲಿಯೇ ಆಗಿರುತ್ತಾನೆ.

ಆಕ್ಷೇಪಗಳ ಬಗ್ಗೆ

ಯಾವ ದಾರಿ ಹಿಡಿದರೂ ಆಕ್ಷೇಪಗಳು ಒಂದೇ: ಪ್ರೇಮಿಗಳು ಬಂದು ಕೂರುತ್ತಾರೆ, ಕುಡುಕರು ಬರುತ್ತಾರೆ, ಹೊರಗಿನವರಿಂದ ಕಳ್ಳತನವಾಗುತ್ತದೆ. ರಾತ್ರಿಯ ಕುಡಿತದ ಭಯ ನಿಜವಾದದ್ದು, ಅದಕ್ಕೆ ದೀಪ ಮತ್ತು ಹತ್ತು ಗಂಟೆಯ ಬೀಗ ಉತ್ತರ. ಮಧ್ಯಾಹ್ನ ಹನ್ನೆರಡಕ್ಕೆ ಹಾಕಿದ ಬೀಗಕ್ಕೆ ಅದು ಕಾರಣವಾಗಲಾರದು. ಕಾಲೇಜಿನ ಹುಡುಗ ಹುಡುಗಿ ಬೆಂಚಿನ ಮೇಲೆ ಕುಳಿತು ಮಾತನಾಡುವುದನ್ನು ತಡೆಯಲೆಂದು ಇಡೀ ಬಡಾವಣೆಯ ಮುದುಕರನ್ನೂ ಮಕ್ಕಳನ್ನೂ ಹೊರಗಿಡುವ ತರ್ಕ ನನಗೆ ಇನ್ನೂ ಅರ್ಥವಾಗಿಲ್ಲ. ‘ಹೊರಗಿನವರು’ ಎಂಬ ಪದವನ್ನು ಸ್ವಲ್ಪ ಬಿಡಿಸಿ ನೋಡಿದರೆ ಒಳಗೆ ಸಿಗುವವರು ನಮ್ಮ ಮನೆಗಳಲ್ಲಿ ಪಾತ್ರೆ ತೊಳೆಯುವವರು, ಎರಡು ಮನೆಗಳ ಕೆಲಸದ ನಡುವಿನ ಒಂದು ಗಂಟೆಯನ್ನು ಎಲ್ಲಿ ಕಳೆಯಬೇಕೆಂದು ತಿಳಿಯದವರು. ಪಾರ್ಸಲ್ ತಂದುಕೊಟ್ಟು ಮುಂದಿನ ಕರೆಗೆ ಕಾಯುವ ಹುಡುಗರು. ಕಟ್ಟಡದ ಕೆಲಸದವರ ಕೂಸುಗಳು.

ನಾವು ಒಡಂಬಡಿಕೆಯ ದಾರಿ ಹಿಡಿದು ಮೂರು ತಿಂಗಳ ಪ್ರಯೋಗವೆಂದು ಮಧ್ಯಾಹ್ನವೂ ಗೇಟು ತೆರೆದಿಟ್ಟಾಗ, ಎರಡನೆಯ ವಾರದಲ್ಲೇ ಕೊಳವೆಬಾವಿಯ ಹಿತ್ತಾಳೆಯ ವಾಲ್ವ್ ಕಾಣೆಯಾಯಿತು. ವಾಟ್ಸಾಪ್ ಗುಂಪಿನಲ್ಲಿ ಅರ್ಧ ಗಂಟೆಯೊಳಗೆ ‘ಹೇಳಿರಲಿಲ್ಲವೇ’ ಎಂಬ ಸಂದೇಶಗಳು ನಲವತ್ತಾದವು. ಮೂರನೆಯ ದಿನ ಗುತ್ತಿಗೆದಾರನ ಕಡೆಯ ಹುಡುಗನೊಬ್ಬ ಅದನ್ನು ಸರಿಮಾಡಿಸಿಕೊಂಡು ತಂದು ಹಾಕಿದ; ತೆಗೆದುಕೊಂಡು ಹೋಗುವಾಗ ಯಾರಿಗೂ ಹೇಳಬೇಕೆಂದು ಅವನಿಗೆ ಹೊಳೆದಿರಲಿಲ್ಲ. ಆ ಗುಂಪಿನಲ್ಲಿ ಆಮೇಲೆ ಒಂದು ಸಂದೇಶವೂ ಬರಲಿಲ್ಲ.

ಗೇಟು, ನೀರು, ಬೋರ್ಡು

ಕಾಗದದ ಮೇಲೆ ತೆರೆದ ಉದ್ಯಾನ ನೆಲದ ಮೇಲೂ ತೆರೆದಿದೆಯೇ ಎಂದು ಅಳೆಯಲು ಗೇಟಿನ ಬಳಿ ನಿಲ್ಲಬೇಕು. ಹಸುಗಳೂ ಬೈಕುಗಳೂ ಬಾರದಂತೆ ಹಾಕಿದ ತಿರುಗುಕಂಬಿಯ ಗೇಟಿನಲ್ಲಿ ಗಾಲಿಕುರ್ಚಿ ಹೋಗದು, ಕೂಸಿನ ತಳ್ಳುಗಾಡಿ ಹೋಗದು, ಮಂಡಿಯ ಶಸ್ತ್ರಚಿಕಿತ್ಸೆಯಾದ ಅಜ್ಜಿ ವಾಕರ್ ಹಿಡಿದು ಹೋಗಲಾರರು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ದೃಷ್ಟಿಯಲ್ಲಿ ಸಾರ್ವಜನಿಕ ಜಾಗವೊಂದಕ್ಕೆ ಇದು ಸಲ್ಲದು. ಪಕ್ಕದಲ್ಲಿ ಒಂದು ಮೀಟರಿನ ಚಿಕ್ಕ ಬಾಗಿಲು, ಮುಂದೆ ಮೆಟ್ಟಿಲಿನ ಬದಲು ಇಳಿಜಾರು ಇದ್ದರೆ ಸಾಕು. ಕುಡಿಯುವ ನೀರಿನ ಒಂದು ನಲ್ಲಿ ಬೇಕು. ಶೌಚಾಲಯವಿದ್ದೂ ಅದಕ್ಕೆ ಬೀಗವಿದ್ದರೆ ಹೆಂಗಸರ ಮಟ್ಟಿಗೆ ಉದ್ಯಾನಕ್ಕೆ ಅರ್ಧ ಬೀಗ ಹಾಕಿದಂತೆಯೇ.

ಬೋರ್ಡಿನ ವಿಷಯವನ್ನು ನಾವು ತಡವಾಗಿ ಕಲಿತೆವು. ಗೇಟು ತೆರೆದು ಮೂರು ವಾರವಾದರೂ ಆ ಪೌರಕಾರ್ಮಿಕ ಹೆಂಗಸರು ಹೊರಗಿನ ಚಪ್ಪಡಿಯ ಮೇಲೇ ಕುಳಿತಿದ್ದರು. ಒಳಗೆ ಬನ್ನಿ ಎಂದು ಕರೆದಾಗ ಅವರಲ್ಲಿ ಹಿರಿಯಾಕೆ ಗೇಟಿನ ಕಡೆ ಗದ್ದ ತೋರಿಸಿದರು: ‘ಹೊರಗಿನವರಿಗೆ ಪ್ರವೇಶವಿಲ್ಲ’ ಎಂಬ ಹಳೆಯ ಬೋರ್ಡಿಗೆ ನಾವು ಬಿಳಿ ಬಣ್ಣ ಹೊಡೆಸಿದ್ದೆವು, ಬಿಸಿಲಿಗೆ ಅಕ್ಷರಗಳು ಬಣ್ಣದಡಿಯಿಂದ ಮತ್ತೆ ಎದ್ದು ಕಾಣುತ್ತಿದ್ದವು. ಆ ತಗಡನ್ನು ಕಿತ್ತು, ಹೊಸದನ್ನು ಬರೆಸಿ, ಗಂಟೆಗಳ ಕೆಳಗೆ ಪಾಲಿಕೆಯ ದೂರವಾಣಿ ಸಂಖ್ಯೆಯನ್ನೂ ಹಾಕಿಸಿದೆವು. ಅದರ ಖರ್ಚನ್ನು ಸಂಘದ ಲೆಕ್ಕದಲ್ಲಿ ಯಾವ ಶೀರ್ಷಿಕೆಯಡಿ ಬರೆಯಬೇಕೆಂಬ ಚರ್ಚೆ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇನ್ನೂ ಇದೆ.